ಲಾನ್‌ನ ಕಳೆಗೆ ಔಷಧಿ ಹೊಡೆಯುವ ಮುಂಚೆ ಒಂದು ಗಿಡ ಕಿತ್ತು ನೋಡಿ

"ಲಾನ್ ತುಂಬಾ ಕಳೆ ಬಂದಿದೆ, ಒಂದೇ ಸಲ ಪೂರ್ತಿ ಕಳೆನಾಶಕ ಹೊಡೆದುಬಿಡಲಾ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ" ಅಂತ ಕೇಳಿದ್ದೀರಿ. ದಯವಿಟ್ಟು ಪೂರ್ತಿ ಹೊಡೆಯಬೇಡಿ. ಮೊದಲು ಕೂತು ಒಂದು ಕಳೆ ಕಿತ್ತು ನೋಡಿ.

ಎಲೆ ಅಗಲವಾಗಿದೆಯಾ? ಹಾಗಾದರೆ 2,4-ಡಿ ಅನ್ನೋ ರಾಸಾಯನಿಕ ಇರುವ ಕಳೆನಾಶಕ ಕೆಲಸ ಮಾಡುತ್ತದೆ. ಹೆಚ್ಚಿನ ಲಾನ್ ಹುಲ್ಲುಗಳು ಅದನ್ನು ತಡೆದುಕೊಳ್ಳುತ್ತವೆ, ಆದರೂ ನಿಮ್ಮ ಹುಲ್ಲಿನ ಹೆಸರು ಲೇಬಲ್‌ನಲ್ಲಿದೆಯಾ ಅಂತ ಓದಿ. ಕಾಂಡವನ್ನು ಬೆರಳಲ್ಲಿ ಹೊರಳಿಸಿದಾಗ ಮೂರು ಅಂಚು ಸಿಕ್ಕರೆ ಅದು ಜೇಕು. ನೋಡೋಕೆ ಹುಲ್ಲಿನ ಹಾಗಿದ್ದರೂ ಹುಲ್ಲಲ್ಲ. ಮೇಲೆ ಕಿತ್ತರೆ ಮಣ್ಣೊಳಗಿನ ಗೆಡ್ಡೆಯಿಂದ ಮತ್ತೆ ಚಿಗುರುತ್ತದೆ. ಅದಕ್ಕೆ ಹ್ಯಾಲೋಸಲ್ಫ್ಯೂರಾನ್ ಥರದ ಕಳೆನಾಶಕ ಬೇಕು. ಗ್ಲೈಫೋಸೇಟ್ ಅನ್ನೋ ಕಳೆನಾಶಕವನ್ನಂತೂ ಲಾನ್ ಹತ್ತಿರ ತರಬೇಡಿ, ಕಳೆ ಜೊತೆ ಹುಲ್ಲೂ ಸಾಯುತ್ತದೆ.

ಒಂದು ವರ್ಷ ನಾನು 2,4-ಡಿ ಹೊಡೆದ ಪಂಪನ್ನು ಸುಮ್ನೆ ಒಂದು ಸಲ ನೀರಲ್ಲಿ ಅಲ್ಲಾಡಿಸಿ ಇಟ್ಟಿದ್ದೆ. ಆಮೇಲೆ ಅದೇ ಪಂಪಿನಲ್ಲಿ ಟೊಮೆಟೊಗೆ ಗೊಬ್ಬರದ ನೀರು ಹೊಡೆದೆ. ಕೆಲವೇ ದಿನಕ್ಕೆ ಕುಡಿ ಎಲೆಗಳು ದಾರದ ಹಾಗೆ ಸಣ್ಣಗಾಗಿ, ಸುರುಳಿ ಸುತ್ತಿಕೊಂಡು, ಕಾಂಡ ತಿರುಚಿಕೊಂಡಿತ್ತು. ಆ ಗಿಡಗಳು ಚೇತರಿಸಿಕೊಳ್ಳಲೇ ಇಲ್ಲ. ತಳದಲ್ಲಿ ಉಳಿದ ಅಷ್ಟು ಸ್ವಲ್ಪಕ್ಕೇ ಹೀಗಾಯಿತು. ಅವತ್ತಿಂದ ಕಳೆನಾಶಕಕ್ಕೇ ಅಂತ ಒಂದು ಪಂಪ್ ಬೇರೆ ಇಟ್ಟಿದ್ದೇನೆ.

ಗಾಳಿಯಲ್ಲಿ ಹನಿ ಹಾರಿಹೋದರೂ ಪಕ್ಕದವರ ತರಕಾರಿಗೆ ಇದೇ ಗತಿ. ಅದಕ್ಕೇ ಗಾಳಿ ಜೋರಾಗಿರುವಾಗ, ಸುಡು ಬಿಸಿಲಲ್ಲಿ, ಮಳೆ ಬರುವ ಹಾಗಿದ್ದಾಗ ಬೇಡ. ನಾಝಲ್ ಕೆಳಗೆ ಹಿಡಿದು, ಕಳೆ ಇರುವ ಜಾಗಕ್ಕೆ ಮಾತ್ರ ಹೊಡೆಯಿರಿ, ಎಲೆ ಒದ್ದೆಯಾದರೆ ಸಾಕು. ಲೇಬಲ್ ಹೇಳಿದ್ದಕ್ಕಿಂತ ಜಾಸ್ತಿ ಬೆರೆಸಿದರೆ ಕಳೆ ಬೇಗ ಸಾಯುತ್ತೆ ಅನ್ನೋದು ತಪ್ಪು. ಎಲೆ ಸುಟ್ಟುಹೋದರೆ ಔಷಧಿ ಬೇರಿಗೆ ಇಳಿಯುವುದೇ ಇಲ್ಲ. ಸಿಮೆಂಟ್ ಮೇಲೆ ಬಿದ್ದರೆ ಮಳೆಗೆ ನೇರ ಚರಂಡಿಗೆ ಹೋಗುತ್ತದೆ, ಅಲ್ವಾ? ಅಲ್ಲಿನ ಕಳೆ ಕೈಯಲ್ಲೇ ಕೀಳಿ.

ಕೈಗವಸು, ಶೂ, ತುಂಬುತೋಳಿನ ಅಂಗಿ ಇರಲಿ. ಮಕ್ಕಳನ್ನು ಎಲೆ ಪೂರ್ತಿ ಒಣಗುವವರೆಗೂ, ಲೇಬಲ್‌ನಲ್ಲಿ ಇನ್ನೂ ಹೆಚ್ಚು ಸಮಯ ಹೇಳಿದ್ದರೆ ಅಲ್ಲಿವರೆಗೂ, ಲಾನ್ ಮೇಲೆ ಬಿಡಬೇಡಿ. ಉಳಿದ ಔಷಧಿಯನ್ನು ಯಾವತ್ತೂ ನೀರಿನ ಬಾಟಲಿಗೆ ಸುರಿದಿಡಬೇಡಿ. ಮಕ್ಕಳು ಜ್ಯೂಸ್ ಅಂತ ಕುಡಿದುಬಿಡುತ್ತಾರೆ.

ಹುಲ್ಲನ್ನು ತೀರಾ ಗಿಡ್ಡ ಕತ್ತರಿಸುತ್ತಿದ್ದೀರಾ? ಮೊವರ್ ಬ್ಲೇಡನ್ನು ಸ್ವಲ್ಪ ಮೇಲೆತ್ತಿ. ಹುಲ್ಲಿನ ನೆರಳು ಮಣ್ಣಿಗೆ ಬಿದ್ದರೆ ಎಷ್ಟೋ ಕಳೆ ಬೀಜ ಮೊಳೆಯುವುದೇ ಇಲ್ಲ. ಕಿತ್ತ ಕಳೆಯನ್ನು ಬೇರು ಕಾಣುವ ಹಾಗೆ ಫೋಟೊ ತೆಗೆದು ಹಾಕಿ, ನೋಡಿ ಹೇಳುತ್ತೇನೆ.