ಬೀಗ ತೆಗೆಯುವ ಮುನ್ನ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಕೋವಿಡ್ ನಿರ್ಬಂಧಗಳು ಸಡಿಲವಾಗುತ್ತಿದ್ದ ದಿನಗಳಲ್ಲಿ ಮನರಂಜನಾ ಪಾರ್ಕು, ಸಭಾಂಗಣ, ಈಜುಕೊಳ ನಡೆಸುವವರ ಪತ್ರಗಳೇ ಹೆಚ್ಚು ಬಂದಿದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ಆಗ ಕೊಟ್ಟ ಉತ್ತರಗಳು ಇವು.

ಪ್ರಶ್ನೆ: ಆರು ತಿಂಗಳಿಂದ ಪಾರ್ಕು ಮುಚ್ಚಿದೆ. ಹತ್ತು ದಿನದಲ್ಲಿ ತೆರೆಯಬೇಕು. ಇಡೀ ಆವರಣ ಸ್ಯಾನಿಟೈಸ್ ಮಾಡಿಸಲು ಗುತ್ತಿಗೆ ಕೊಟ್ಟಾಗಿದೆ. ಇನ್ನೇನು ಬಾಕಿ?

ಬಾಕಿ ಇರುವುದೇ ಬಹಳ. ಆರು ತಿಂಗಳು ಯಾರೂ ಕಾಲಿಡದ ಜಾಗದಲ್ಲಿ ಕೊರೊನಾ ವೈರಾಣು ಉಳಿದಿರುವುದಿಲ್ಲ. ಅದನ್ನು ಕೊಲ್ಲಲೆಂದು ಈಗ ಸುರಿಯುವ ದುಡ್ಡು ದಂಡ. ಅಲ್ಲಿ ಸೇರಿಕೊಂಡಿರುವುದು ಬೇರೆಯವು: ಕೊಳವೆಯಲ್ಲಿ ಬ್ಯಾಕ್ಟೀರಿಯಾ, ಬ್ರೇಕಿನಲ್ಲಿ ತುಕ್ಕು, ಕೇಬಲ್ ಹಾದುಹೋಗುವ ಜಾಗದಲ್ಲಿ ಇಲಿ.

ಮೊದಲು ನೀರು ನೋಡಿ. ನಿಂತ ನೀರು 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಲು ಹೇಳಿ ಮಾಡಿಸಿದ ಜಾಗ. ಅದು ಸಣ್ಣ ಹನಿಗಳ ಮೂಲಕ ಶ್ವಾಸಕೋಶಕ್ಕೆ ಇಳಿದರೆ ಗಂಭೀರ ನ್ಯುಮೋನಿಯಾ ತರುತ್ತದೆ. ಟ್ಯಾಂಕು ಖಾಲಿ ಮಾಡಿ ತೊಳೆದು, ಕ್ಲೋರಿನ್ ಇರುವ ಹೊಸ ನೀರು ತುಂಬಿಸಿ, ಒಂದೊಂದು ನಲ್ಲಿಯನ್ನೂ ಹೊಸ ನೀರು ಬರುವವರೆಗೆ ಬಿಡಿ. ಶವರಿನ ತಲೆ ಬಿಚ್ಚಿಟ್ಟು ನೀರು ಬಿಡಬೇಕು, ಇಲ್ಲದಿದ್ದರೆ ತೊಳೆಯುವವನೇ ಆ ಹನಿಗಳನ್ನು ಉಸಿರಾಡುತ್ತಾನೆ. ಅವನಿಗೆ ಎನ್95 ಮಾಸ್ಕ್ ಕೊಡಿ. ಬಿಸಿನೀರಿನ ಟ್ಯಾಂಕು 60 ಡಿಗ್ರಿಗೆ ಏರಲಿ. ಕಾರಂಜಿ, ತಂಪು ಹನಿ ಚಿಮ್ಮಿಸುವ ಫ್ಯಾನು, ಏಸಿಯ ಕೂಲಿಂಗ್ ಟವರ್ ಇವನ್ನು ಶುದ್ಧ ಮಾಡದೆ ಚಾಲೂ ಮಾಡಲೇಬೇಡಿ. ಹನಿ ಹಾರಿಸುವುದೇ ಅವುಗಳ ಕೆಲಸ. ಹಾಗೆಯೇ ಶೌಚಾಲಯದ ನೆಲದ ಟ್ರ್ಯಾಪುಗಳಲ್ಲಿ (ಚರಂಡಿಯ ಗಾಳಿ ತಡೆಯಲು ನೀರು ನಿಲ್ಲುವ ಬಾಗು ಕೊಳವೆ) ನೀರು ಆರಿ ಒಳಚರಂಡಿಯ ಗಾಳಿ ಮೇಲೆ ಬರುತ್ತಿರುತ್ತದೆ. ಒಂದೊಂದಕ್ಕೂ ಒಂದು ಚೊಂಬು ನೀರು ಸುರಿದರೆ ಸಾಕು.

ಆಮೇಲೆ ಯಂತ್ರ. ರೋಲರ್ ಕೋಸ್ಟರಿನ ಪಾಲಿಯುರೆಥೇನ್ ಚಕ್ರಗಳು ಒಂದೇ ಜಾಗದಲ್ಲಿ ಭಾರ ಹೊತ್ತು ನಿಂತು ಒಂದು ಕಡೆ ಚಪ್ಪಟೆಯಾಗಿರುತ್ತವೆ. ಓಡಿಸಿದಾಗ ಟಕ್ ಟಕ್ ಸದ್ದು, ಬೇರಿಂಗಿಗೆ ಪೆಟ್ಟು. ಗ್ರೀಸಿನಿಂದ ಎಣ್ಣೆ ಬೇರ್ಪಟ್ಟು ಉಳಿದದ್ದು ಗಟ್ಟಿ ಕಟ್ಟಿರುತ್ತದೆ. ಹೈಡ್ರಾಲಿಕ್ ಹೋಸುಗಳನ್ನು ಕೈಯಲ್ಲಿ ಬಾಗಿಸಿ ನೋಡಿ, ಬಿರುಕು ಆಗ ಕಾಣುತ್ತದೆ. ನಿಯಂತ್ರಣ ಪೆಟ್ಟಿಗೆಯಲ್ಲಿ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿಯ ಸಣ್ಣ ಬ್ಯಾಟರಿ ಇರುತ್ತದೆ. ಹಳೆಯ ಮಾದರಿಗಳಲ್ಲಿ ಮುಖ್ಯ ವಿದ್ಯುತ್ ಆರಿಸಿ ಅದನ್ನು ಬದಲಿಸಿದರೆ ಪ್ರೋಗ್ರಾಮೇ ಅಳಿಸಿಹೋಗುತ್ತದೆ. ಕೈಪಿಡಿ ಓದದೆ ಮುಟ್ಟಬೇಡಿ. ಇಲಿ ಕಡಿದ ಕೇಬಲ್ ಪತ್ತೆಗೆ ಮೆಗ್ಗರ್ (ಹೆಚ್ಚಿನ ವೋಲ್ಟೇಜ್ ಹಾಯಿಸಿ ಕೇಬಲಿನ ಹೊದಿಕೆ ಪರೀಕ್ಷಿಸುವ ಸಾಧನ) ಹಾಕುವಾಗ ಎಲೆಕ್ಟ್ರಾನಿಕ್ ಕಾರ್ಡುಗಳನ್ನು ಬಿಡಿಸಿಟ್ಟಿರಬೇಕು, ಇಲ್ಲವಾದರೆ ಇಲಿ ಉಳಿಸಿದ್ದನ್ನು ನೀವೇ ಸುಡುತ್ತೀರಿ. ಎಲ್ಲ ಸರಿಯಾದ ಮೇಲೆ ಮೊದಲು ಖಾಲಿ ಓಟ, ಆಮೇಲೆ ಮರಳಿನ ಮೂಟೆ ಅಥವಾ ನೀರು ತುಂಬಿದ ಬೊಂಬೆ ಕೂರಿಸಿ ಓಟ. ತುರ್ತು ನಿಲುಗಡೆಯ ಗುಂಡಿಗಳನ್ನು ಒಂದನ್ನೂ ಬಿಡದೆ ಒತ್ತಿ ನೋಡಿ, ಸೀಟಿನ ಲಾಕುಗಳನ್ನು ಒಂದೊಂದಾಗಿ ಎಳೆದು ನೋಡಿ. ಮನುಷ್ಯರು ಕೂರುವುದು ಕಟ್ಟಕಡೆಗೆ. ಹತ್ತು ದಿನ ಇದಕ್ಕೆ ಸಾಲದು ಅನ್ನಿಸಿದರೆ ನಾಲ್ಕೇ ಆಟ ತೆರೆಯಿರಿ, ಉಳಿದವು ಕಾಯಲಿ.

ಪ್ರಶ್ನೆ: ಶೇ 50ರಷ್ಟು ಜನರನ್ನು ಬಿಡಬಹುದು ಎಂಬ ಅನುಮತಿ ಸಿಕ್ಕಿದೆ. ಅಷ್ಟು ಟಿಕೆಟ್ ಮಾರಬಹುದಲ್ಲವೇ?

ಅನುಮತಿ ಇದ್ದಷ್ಟೂ ಮಾರಬೇಕೆಂದಿಲ್ಲ. ಒಂದು ಲೆಕ್ಕ ಹಾಕೋಣ. ನಿಮ್ಮ ಕೋಸ್ಟರಿನಲ್ಲಿ ಆರು ಸಾಲು, ಸಾಲಿಗೆ ನಾಲ್ಕು ಸೀಟು, ಒಟ್ಟು 24. ತೊಂಬತ್ತು ಸೆಕೆಂಡಿಗೊಂದು ಓಟವೆಂದರೆ ಗಂಟೆಗೆ 40 ಓಟ, 960 ಜನ. ಈಗ ಒಂದು ಸಾಲು ಬಿಟ್ಟು ಒಂದರಲ್ಲಿ, ಒಂದೊಂದರಲ್ಲಿ ಒಂದೇ ಮನೆಯವರು. ಸರಾಸರಿ ಮೂವರೆಂದರೂ ಓಟಕ್ಕೆ 9 ಜನ. ಕೈಗೆ ಸ್ಯಾನಿಟೈಸರ್, ಗುಂಪು ಗುರುತಿಸಿ ಕೂರಿಸುವುದು ಇದರಲ್ಲೆಲ್ಲ ಓಟ ಎರಡು ನಿಮಿಷಕ್ಕೊಂದಾಗುತ್ತದೆ. ಗಂಟೆಗೆ 270. ಅಂದರೆ ಶೇ 28. ಗೇಟಿನಲ್ಲಿ ಅರ್ಧದಷ್ಟು ಜನರನ್ನು ಬಿಟ್ಟು, ಆಟದಲ್ಲಿ ಕಾಲುಭಾಗಕ್ಕೆ ಜಾಗ ಕೊಟ್ಟರೆ ಮಿಕ್ಕವರು ಎಲ್ಲಿ ನಿಲ್ಲುತ್ತಾರೆ? ಕ್ಯೂನಲ್ಲಿ. ಸೋಂಕು ಹರಡಲು ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಕ್ಯೂಗೂ ಲೆಕ್ಕ ಇದೆ. ಮೂವರ ಗುಂಪು ಒಂದು ಮೀಟರು ಹಿಡಿಯುತ್ತದೆ, ಮುಂದಿನ ಗುಂಪಿಗೆ ಎರಡು ಮೀಟರು ಅಂತರ. ನೂರು ಮೀಟರಿನ ಸಾಲಿನಲ್ಲಿ 33 ಗುಂಪು, ನೂರು ಜನ ಅಷ್ಟೇ. ಹಾವಿನಂತೆ ಸುತ್ತುವ ಸಾಲಾದರೆ ಇನ್ನೊಂದು ತೊಡಕು: ಮುಂದೆ ಹಿಂದೆ ಎರಡು ಮೀಟರಿಗೆ ಗುರುತು ಬಳಿದಿರುತ್ತೀರಿ, ಪಕ್ಕದ ಕಂಬಿಯಾಚೆಯವರು ಮೊಳದ ದೂರದಲ್ಲಿ ಮುಖಕ್ಕೆ ಮುಖ ಕೊಟ್ಟು ನಿಂತಿರುತ್ತಾರೆ. ಒಂದು ಓಣಿ ಬಿಟ್ಟು ಒಂದನ್ನು ಮುಚ್ಚಿ, ಇಲ್ಲವೇ ನಡುವೆ ತಡಿಕೆ ಹಾಕಿ. ತಡಿಕೆ ಹಾಕಿದಲ್ಲಿ ಗಾಳಿ ಆಡುತ್ತಿದೆಯೇ ನೋಡಿಕೊಳ್ಳಿ.

ಹೀಗೆ ಪ್ರತಿ ಆಟದ ಸೀಟು, ಅದರ ಕ್ಯೂ, ಊಟದ ಜಾಗ, ದಾರಿಗಳು, ಇಷ್ಟನ್ನು ಕೂಡಿದರೆ ಒಂದು ಹೊತ್ತಿಗೆ ಒಳಗಿರಬಹುದಾದವರ ಸಂಖ್ಯೆ ಸಿಗುತ್ತದೆ. ಟಿಕೆಟ್ಟನ್ನು ಆ ಸಂಖ್ಯೆಗೆ ಕಟ್ಟಿ, ಗಂಟೆಗಂಟೆಗೆ ಹಂಚಿ, ಮುಂಗಡವಾಗಿ ಮಾತ್ರ ಮಾರಿ. ಶಾಂಘೈ ಡಿಸ್ನಿಲ್ಯಾಂಡ್ 2020ರ ಮೇ 11ರಂದು ತೆರೆದಾಗ ದಿನಕ್ಕೆ 80,000 ಜನರ ಸಾಮರ್ಥ್ಯಕ್ಕೆ ಸರ್ಕಾರ ಹಾಕಿದ್ದ ಮಿತಿ ಶೇ 30, ಅಂದರೆ 24,000. ಅವರು ಅದಕ್ಕೂ ಬಹಳ ಕೆಳಗಿನಿಂದಲೇ ಶುರು ಮಾಡಿದರು.

ಪ್ರಶ್ನೆ: ಸೀಟು ಬಿಟ್ಟು ಸೀಟು ಕೂರಿಸಿದರೆ ಯಂತ್ರಕ್ಕೇನೂ ತೊಂದರೆ ಇಲ್ಲ ತಾನೇ? ಭಾರ ಕಡಿಮೆಯಾಗುತ್ತದಲ್ಲ?

ಭಾರ ಕಡಿಮೆಯಾದರೆ ಸಲೀಸು ಎಂಬುದು ಎಲ್ಲ ಕಡೆ ನಿಜವಲ್ಲ. ಜಯಂಟ್ ವೀಲಿನಲ್ಲಿ ಒಂದು ಕಡೆಯ ತೊಟ್ಟಿಲುಗಳಷ್ಟೇ ತುಂಬಿದರೆ ಮೋಟಾರೂ ಬ್ರೇಕೂ ಸಮತೂಕವಿಲ್ಲದ ಚಕ್ರದ ಜೊತೆ ಗುದ್ದಾಡಬೇಕು. 24 ತೊಟ್ಟಿಲಿದ್ದರೆ 1 ತುಂಬಿದ ಮೇಲೆ 13, ಆಮೇಲೆ 7, ಆಮೇಲೆ 19. ಹೀಗೆ ಎದುರುಬದುರಾಗಿ ತುಂಬಿ. ಇಳಿಸುವಾಗಲೂ ಅದೇ ಕ್ರಮ. ಇದನ್ನು ಮರೆಯುವವರೇ ಜಾಸ್ತಿ. ತೂಗುವ ಹಡಗಿನಲ್ಲಿ ಎರಡೂ ತುದಿ ಸಮವಿರಲಿ.

ಸರಪಳಿಯಿಂದ ಮೇಲೆಳೆದು ಬಿಡುವ ಕೋಸ್ಟರಿನ ವಿಷಯ ಇನ್ನೂ ಸೂಕ್ಷ್ಮ. ಎತ್ತರದಿಂದ ಬರುವ ಶಕ್ತಿ ತೂಕಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ, ಗಾಳಿಯ ತಡೆ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಹಗುರ ರೈಲು ನಿಧಾನ. ಬೆಳಗಿನ ಚಳಿಗೆ ಗ್ರೀಸೂ ಬಿಗಿದಿದ್ದರೆ ದಿಬ್ಬ ಹತ್ತಲಾಗದೆ ಹಿಂದಕ್ಕೆ ಜಾರಿ ತಗ್ಗಿನಲ್ಲಿ ನಿಂತುಬಿಡಬಹುದು. ಅಲ್ಲಿಂದ ಜನರನ್ನು ಇಳಿಸುವುದು ಗಂಟೆಗಟ್ಟಲೆಯ ಕೆಲಸ. ಬೆಳಿಗ್ಗೆ ಖಾಲಿ ಓಟಗಳಿಂದ ಚಕ್ರ ಬೆಚ್ಚಗೆ ಮಾಡಿ, ಒಂದು ಸುತ್ತಿನ ಸಮಯ ಬರೆದಿಡಿ. ತಯಾರಕರು ಕೊಟ್ಟ ಕನಿಷ್ಠ ಭಾರದ ಮಿತಿ ನೋಡದೆ ಸೀಟು ಯಾವುದು ಬಿಡಬೇಕೆಂದು ನೀವೇ ತೀರ್ಮಾನಿಸಬೇಡಿ.

ಪ್ರಶ್ನೆ: ಪ್ರತಿ ಓಟಕ್ಕೂ ಸೀಟಿಗೆ ಬ್ಲೀಚ್ ಹೊಡೆಯುತ್ತಿದ್ದೇವೆ. ಬೆಲ್ಟುಗಳು ಬಿಳಿಚಿಕೊಂಡಿವೆ, ಲ್ಯಾಪ್ ಬಾರ್ (ತೊಡೆಯ ಮೇಲೆ ಇಳಿಯುವ ಕಂಬಿ) ತುಕ್ಕು ಹಿಡಿಯುತ್ತಿದೆ. ಪ್ರಮಾಣ ಹೆಚ್ಚಾಯಿತೇ?

ಪ್ರಮಾಣವೂ ಹೆಚ್ಚಿರಬಹುದು, ಜಾಗವಂತೂ ತಪ್ಪು. ಬೆಲ್ಟಿಗೆ ಬ್ಲೀಚ್ ಬೇಡವೇ ಬೇಡ. ನೈಲಾನ್ ಎಳೆಗಳನ್ನು ಕ್ಲೋರಿನ್ ತಿನ್ನುತ್ತದೆ. ಬಿಳಿಚಿಕೊಂಡ ಬೆಲ್ಟಿನ ಬಲವನ್ನು ಕಣ್ಣಳತೆಯಲ್ಲಿ ಹೇಳಲಾಗದು, ಬದಲಿಸಿಬಿಡಿ. ಹೊಸದಕ್ಕೆ ಸೋಪುನೀರು ಸಾಕು. ಸೀಟಿನ ಫೋಮಿನೊಳಗೆ ಇಳಿದ ಬ್ಲೀಚ್ ಅಡಿಯ ಉಕ್ಕಿನ ತಗಡನ್ನು ಒಳಗಿಂದೊಳಗೇ ತಿಂದಿರುತ್ತದೆ, ಒಂದೆರಡನ್ನು ಬಿಚ್ಚಿ ನೋಡಿ.

ಗಟ್ಟಿ ಮೇಲ್ಮೈಗೆ ಶೇ 0.1ರ ದ್ರಾವಣ ಸಾಕು. ಬಾಟಲಿಯಲ್ಲಿರುವುದು ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ಆದರೆ 9.8 ಲೀಟರ್ ನೀರಿಗೆ 200 ಮಿಲಿಲೀಟರ್. ಮೊದಲು ಬಕೆಟ್ಟಿಗೆ ನೀರು, ಆಮೇಲೆ ಬ್ಲೀಚ್. ದಿನಾ ಹೊಸದಾಗಿ ಕಲಸಿ, ಬಿಸಿಲು ತಾಗಿದರೆ ಶಕ್ತಿ ಇಳಿಯುತ್ತದೆ. ಕೊಳೆ ಇದ್ದರೆ ಮೊದಲು ಸೋಪಿನಿಂದ ಒರೆಸಿ. ದ್ರಾವಣ ಕನಿಷ್ಠ ಒಂದು ನಿಮಿಷ ಒದ್ದೆಯಾಗಿರಬೇಕು, ಹೊಡೆದ ಕೂಡಲೇ ಒರೆಸಿದರೆ ಹೊಡೆದದ್ದೇ ವ್ಯರ್ಥ. ಕೊನೆಗೆ ಬರಿ ನೀರಿನ ಬಟ್ಟೆ. ತುಕ್ಕು ತಪ್ಪಿಸುವುದು ಇದೇ. ಆಸಿಡ್ಡಿನ ಶೌಚಾಲಯ ಕ್ಲೀನರಾಗಲಿ ಅಮೋನಿಯ ಇರುವುದಾಗಲಿ ಇದರ ಹತ್ತಿರ ಬರಬಾರದು. ಅಕ್ರಿಲಿಕ್ ತಡೆಗಳಿಗೆ ಸ್ಪಿರಿಟ್ ಹಚ್ಚಿದರೆ ಜೇಡರ ಬಲೆಯಂಥ ಬಿರುಕು ಬೀಳುತ್ತದೆ.

ಇನ್ನು ಪ್ರತಿ ಓಟಕ್ಕೂ ಬೇಕೇ? ಬೇಡ. ಮುಟ್ಟಿದ ವಸ್ತುವಿನಿಂದ ಸೋಂಕು ತಗುಲುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) 2021ರ ಏಪ್ರಿಲ್‌ನಲ್ಲಿ ಹೇಳಿದೆ. ಹತ್ತುವ ಮುನ್ನ ಜನರ ಕೈಗೆ ಸ್ಯಾನಿಟೈಸರ್ ಹಾಕಿ, ಸೀಟನ್ನು ಹೊತ್ತುಹೊತ್ತಿಗೆ ಒರೆಸಿ. ಉಳಿದ ಕೈಗಳನ್ನು ಕ್ಯೂ ನೋಡಿಕೊಳ್ಳಲು ಕಳಿಸಿ.

ಪ್ರಶ್ನೆ: ಗೇಟಿನಲ್ಲಿ ಔಷಧ ಸಿಂಪಡಿಸುವ ಸುರಂಗ ಹಾಕಿಸಬೇಕೇ?

ಬೇಡ. ಜನರ ಮೇಲೆ ಸೋಂಕುನಿವಾರಕ ಸಿಂಪಡಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇನಲ್ಲೇ ಹೇಳಿದೆ. ಕಣ್ಣು ಉರಿ, ಚರ್ಮ ತುರಿಕೆ. ಸೋಂಕಿತರ ಉಸಿರಿನಲ್ಲಿರುವ ವೈರಾಣುವಿಗೆ ಅದರಿಂದ ಏನೂ ಆಗುವುದಿಲ್ಲ.

ಪ್ರಶ್ನೆ: ಥರ್ಮಲ್ ಗನ್ ಮಧ್ಯಾಹ್ನ ಎಲ್ಲರಿಗೂ ಜ್ವರ ತೋರಿಸುತ್ತದೆ, ಬೆಳಿಗ್ಗೆ ಯಾರಿಗೂ ಇಲ್ಲ. ಕೆಟ್ಟಿದೆಯೇ?

ಕೆಟ್ಟಿಲ್ಲ. ಅದು ಅಳೆಯುವುದು ಹಣೆಯ ಚರ್ಮವನ್ನು, ಮೈಯೊಳಗಿನ ಬಿಸಿಯನ್ನಲ್ಲ. ಬಿಸಿಲಲ್ಲಿ ನಿಂತವರ ಹಣೆ ಕಾದಿರುತ್ತದೆ, ಏಸಿ ಕಾರಿನಿಂದ ಇಳಿದವರದು ತಣ್ಣಗಿರುತ್ತದೆ. ನೆರಳಿನಲ್ಲಿ ಹತ್ತು ಹದಿನೈದು ನಿಮಿಷ ಕೂರಿಸಿ, ಬೆವರು ಒರೆಸಿ, ಸಾಧನದ ಮೇಲೆ ಬರೆದಿರುವ ದೂರದಿಂದಲೇ ಮತ್ತೊಮ್ಮೆ ನೋಡಿ. ಆದರೂ ಇದನ್ನು ಬಹಳ ನಂಬಬೇಡಿ. ಸೋಂಕಿತರು ಲಕ್ಷಣ ಕಾಣುವ ಎರಡು ದಿನ ಮೊದಲೇ ಹರಡಬಲ್ಲರು, ಕೆಲವರಿಗೆ ಜ್ವರವೇ ಬರುವುದಿಲ್ಲ. ಹುಷಾರಿಲ್ಲದವರಿಗೆ ಟಿಕೆಟ್ ದಿನಾಂಕವನ್ನು ತಕರಾರಿಲ್ಲದೆ ಮುಂದೂಡಿ ಕೊಡಿ. ದುಡ್ಡು ಹೋಗುತ್ತದೆಂದು ಮಾತ್ರೆ ನುಂಗಿ ಬರುವವರನ್ನು ಯಾವ ಗನ್ನೂ ಹಿಡಿಯದು.

ಪ್ರಶ್ನೆ: ನಮ್ಮದು ಸಭಾಂಗಣ. 20 ಮೀಟರ್ ಉದ್ದ, 15 ಅಗಲ, 5 ಎತ್ತರ. ಕುರ್ಚಿ ದೂರ ದೂರ ಹಾಕಿ ನೂರು ಜನರನ್ನು ಕೂರಿಸಬಹುದೇ? ಸ್ಪ್ಲಿಟ್ ಏಸಿ ಇದೆ.

ಕುರ್ಚಿಗಿಂತ ಗಾಳಿಯ ಚಿಂತೆ ಮಾಡಿ. ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರುವುದಿಲ್ಲ, ಇದ್ದದ್ದನ್ನೇ ತಿರುಗಿಸಿ ತಣ್ಣಗೆ ಮಾಡುತ್ತದೆ. ಇಂಥ ಜಾಗಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಪ್ರಮಾಣ ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ. ನೂರು ಜನರಿಗೆ ಸೆಕೆಂಡಿಗೆ 1,000 ಲೀಟರ್, ಗಂಟೆಗೆ 3,600 ಘನ ಮೀಟರ್. ನಿಮ್ಮ ಹಾಲು 1,500 ಘನ ಮೀಟರ್; ಅಂದರೆ ಗಂಟೆಗೆ 2.4 ಸಲ ಗಾಳಿ ಪೂರ್ತಿ ಬದಲಾಗಬೇಕು. ಎಕ್ಸಾಸ್ಟ್ ಫ್ಯಾನುಗಳ ಮೇಲೆ ಬರೆದಿರುವ ಸಾಮರ್ಥ್ಯ ಕೂಡಿ ನೋಡಿ. ಫ್ಯಾನು ಒಂದು ಗೋಡೆಯಲ್ಲಿದ್ದರೆ ಎದುರು ಗೋಡೆಯ ಕಿಟಕಿ ತೆರೆದಿರಲಿ. ಫ್ಯಾನಿನ ಪಕ್ಕದ್ದೇ ತೆರೆದರೆ ಗಾಳಿ ಅಲ್ಲೇ ಸುತ್ತು ಹಾಕಿ ಹೊರಗೆ ಹೋಗುತ್ತದೆ, ನಡುವೆ ಕೂತವರಿಗೆ ಏನೂ ಸಿಗುವುದಿಲ್ಲ.

ಕೆಲಸ ಆಗುತ್ತಿದೆಯೇ ಎಂದು ತಿಳಿಯಲು ಜನರ ಉಸಿರಿನಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರು ಒಂದನ್ನು ಹಾಲಿನ ನಡುವೆ, ಕೂತವರ ತಲೆಯ ಎತ್ತರದಲ್ಲಿ ಇಡಿ. ಕಿಟಕಿ ಬಳಿಯೂ ಬೇಡ, ಯಾರದ್ದಾದರೂ ಬಾಯಿಯ ಮುಂದೆಯೂ ಬೇಡ. ಹೊರಗೆ ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ ಎಂಬ ಅಳತೆ) ಇರುತ್ತದೆ. ಒಳಗೆ 800ರ ಕೆಳಗಿದ್ದರೆ ಚೆನ್ನ. 1,500 ದಾಟಿದರೆ ಕಾರ್ಯಕ್ರಮ ನಿಲ್ಲಿಸಿ ಬಾಗಿಲು ತೆರೆಯಿರಿ. ಗಾಳಿಯ ಸೂಕ್ಷ್ಮ ಕಣ ಹಿಡಿಯುವ ಹೆಪಾ ಫಿಲ್ಟರ್ ಇಟ್ಟರೆ ವೈರಾಣು ಕಡಿಮೆಯಾದರೂ ಮೀಟರಿನ ಅಂಕಿ ಇಳಿಯುವುದಿಲ್ಲ ಎಂಬುದು ನೆನಪಿರಲಿ. ಎರಡು ಪ್ರದರ್ಶನಗಳ ನಡುವಿನ ಬಿಡುವಿಗೂ ಇದೇ ಗಣಿತ: ಗಂಟೆಗೆ 6 ಸಲ ಗಾಳಿ ಬದಲಾಗುವಲ್ಲಿ ಹಳೆಯ ಗಾಳಿಯ ಶೇ 95ರಷ್ಟು ತೊಲಗಲು ಅರ್ಧ ಗಂಟೆ, ಶೇ 99ಕ್ಕೆ 46 ನಿಮಿಷ. ನಿಮ್ಮ 2.4ರಲ್ಲಿ ಶೇ 95ಕ್ಕೇ ಒಂದೂಕಾಲು ಗಂಟೆ ಬೇಕು. ಹಾಡು, ಕೂಗಾಟ ಇರುವ ಕಾರ್ಯಕ್ರಮವಾದರೆ ಜನರನ್ನು ಇನ್ನೂ ಇಳಿಸಿ, ಬಾಯಿಂದ ಹೊರಬರುವ ಹನಿಗಳು ಆಗ ಬಹಳ. ಜಪಾನಿನ ಪಾರ್ಕುಗಳು 2020ರಲ್ಲಿ ರೋಲರ್ ಕೋಸ್ಟರಿನಲ್ಲೂ ಕಿರುಚಬೇಡಿ ಎಂದದ್ದು ಇದಕ್ಕೇ. ಫ್ಯೂಜಿ-ಕ್ಯೂ ಹೈಲ್ಯಾಂಡಿನ ಅಧಿಕಾರಿಗಳಿಬ್ಬರು ಟೈ ಕಟ್ಟಿ, ಮಾಸ್ಕ್ ಹಾಕಿ, ತುಟಿ ಬಿಚ್ಚದೆ ಕೋಸ್ಟರಿನಲ್ಲಿ ಕೂತು ತೋರಿಸಿದರು: ಕಿರುಚುವುದಿದ್ದರೆ ಮನಸ್ಸಿನೊಳಗೇ ಕಿರುಚಿ ಎಂದು.

ಪ್ರಶ್ನೆ: ಈಜುಕೊಳದ ನೀರಿನಿಂದ ಹರಡುತ್ತದೆಯೇ?

ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8 ಇದ್ದರೆ ನೀರಿನ ಭಯ ಬೇಡ. ಪಿಎಚ್ 8 ದಾಟಲು ಬಿಡಬೇಡಿ. ಅಳತೆಯಲ್ಲಿ ಅಷ್ಟೇ ಕ್ಲೋರಿನ್ ಕಂಡರೂ ಕೊಲ್ಲುವ ಭಾಗ ಕಾಲುಪಾಲಿಗೆ ಇಳಿದಿರುತ್ತದೆ. ಅಪಾಯವಿರುವುದು ಬಟ್ಟೆ ಬದಲಿಸುವ ಕೋಣೆಯಲ್ಲಿ, ಜಾರುಬಂಡೆಯ ಮೆಟ್ಟಿಲ ಸಾಲಿನಲ್ಲಿ. ನೀರಿಗೆ ಇಳಿಯುವವರು ಮಾಸ್ಕ್ ತೆಗೆಯಲೇಬೇಕು, ಒದ್ದೆ ಮಾಸ್ಕ್ ಉಸಿರು ಕಟ್ಟಿಸುತ್ತದೆ.

ಮತ್ತೆ ಚಾಲೂ ಮಾಡುವಾಗ ಪಂಪ್ ಕೋಣೆಯಲ್ಲಿ ಒಂದು ಎಚ್ಚರ ಬೇಕು. ನೀರು ತಿರುಗಿಸುವ ಪಂಪು ನಿಂತಿರುವಾಗ ಆಸಿಡ್ ಮತ್ತು ಕ್ಲೋರಿನ್ ಹಾಕುವ ಚಿಕ್ಕ ಪಂಪುಗಳು ಓಡುತ್ತಿದ್ದರೆ ಎರಡೂ ಒಂದೇ ಕೊಳವೆಯಲ್ಲಿ ಬೆರೆತು ಕ್ಲೋರಿನ್ ಅನಿಲವಾಗುತ್ತವೆ. ದೊಡ್ಡ ಪಂಪು ಹಾಕಿದ ಕ್ಷಣ ಅದು ಕೊಳದ ನಡುವೆ ಗುಳುಗುಳು ಎಂದು ಏಳುತ್ತದೆ. ದೊಡ್ಡದು ನಿಂತರೆ ಚಿಕ್ಕವೂ ತಾವೇ ನಿಲ್ಲುವಂತೆ ವೈರಿಂಗ್ ಇದೆಯೇ ಪರೀಕ್ಷಿಸಿ, ಕೊಳದಲ್ಲಿ ಯಾರೂ ಇಲ್ಲದಾಗಲೇ ಶುರು ಮಾಡಿ.

ಪ್ರಶ್ನೆ: ತೆರೆದ ಮೇಲೆ ಮತ್ತೆ ಮುಚ್ಚಬೇಕಾಗಿ ಬಂದರೆ?

ಬಂದೀತು. ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ 2020ರ ಜೂನ್ 18ಕ್ಕೆ ತೆರೆದು ಜುಲೈ 15ಕ್ಕೆ ಮುಚ್ಚಿತು, ಸೆಪ್ಟೆಂಬರ್ 25ಕ್ಕೆ ತೆರೆದು ಡಿಸೆಂಬರ್ 2ಕ್ಕೆ ಮತ್ತೆ ಮುಚ್ಚಿತು. ಸಿಬ್ಬಂದಿಯನ್ನು ಒಬ್ಬರಿಗೊಬ್ಬರು ಸಿಗದ ಎರಡು ತಂಡವಾಗಿ ಒಡೆಯಿರಿ, ಊಟದ ಬಿಡುವೂ ಬೇರೆಬೇರೆ ಇರಲಿ; ಒಂದು ತಂಡ ಕ್ವಾರಂಟೈನಿಗೆ ಹೋದರೂ ಇನ್ನೊಂದು ಉಳಿಯುತ್ತದೆ. ಮುಚ್ಚಿದ ಮೇಲೆ ಇಬ್ಬರು ಮೆಕ್ಯಾನಿಕ್‌ಗಳು ವಾರಕ್ಕೊಮ್ಮೆ ಬಂದು ಪ್ರತಿ ಆಟವನ್ನೂ ಖಾಲಿ ಓಡಿಸಿ, ರೈಲನ್ನು ಹೋದ ವಾರ ನಿಂತ ಜಾಗದಲ್ಲೇ ಮತ್ತೆ ನಿಲ್ಲಿಸದೆ, ನಲ್ಲಿಗಳನ್ನೆಲ್ಲ ಬಿಟ್ಟು, ಟ್ರ್ಯಾಪಿಗೆ ನೀರು ಸುರಿದು, ಪುಸ್ತಕದಲ್ಲಿ ದಿನಾಂಕ ಬರೆದು ಹೋಗಲಿ. ಮೊದಲನೆಯ ಉತ್ತರದಲ್ಲಿ ಹೇಳಿದ ಕೆಲಸದ ಮುಕ್ಕಾಲುಪಾಲು ಮುಂದಿನ ಸಲ ಇರುವುದಿಲ್ಲ.