ಯಾವ ತಟ್ಟೆಯನ್ನು ಎಣಿಸಬೇಕು?

ಬದಿಯಡ್ಕದ ಹತ್ತಿರ ಅಡಿಕೆ ಹಾಳೆಯ ತಟ್ಟೆ ಮಾಡುವ ಸಣ್ಣ ಘಟಕ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: 'ಏಳು ಮಂದಿ ಕೆಲಸಕ್ಕಿದ್ದಾರೆ. ಒಬ್ಬೊಬ್ಬರಿಗೆ ದಿನಕ್ಕೆ 400 ತಟ್ಟೆ ಟಾರ್ಗೆಟ್ ಇಟ್ಟೆ. ಎರಡು ತಿಂಗಳಿಂದ ಲೆಕ್ಕ ಸರಿಯಾಗಿಯೇ ಬರುತ್ತಿದೆ. ಆದರೆ ಅಂಗಡಿಯಿಂದ ವಾಪಸ್ ಬರುವ ತಟ್ಟೆ ಜಾಸ್ತಿಯಾಗಿದೆ. ಟಾರ್ಗೆಟ್ ತೆಗೆದುಬಿಡಲೇ?'

ತೆಗೆಯಬೇಡಿ. ಸುಮ್ನೆ 'ಆದಷ್ಟು ಮಾಡಿ' ಅನ್ನುವುದಕ್ಕಿಂತ ಸ್ಪಷ್ಟವಾದ, ಸ್ವಲ್ಪ ಕಷ್ಟದ ಗುರಿ ಕೊಟ್ಟಾಗ ಕೆಲಸ ಚೆನ್ನಾಗಿ ಆಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಲಾಕ್ 1968ರಲ್ಲೇ ಇದನ್ನು ಬರೆದಿದ್ದರು. ನೀವು ಎಡವಿದ್ದು ಎಣಿಕೆಯಲ್ಲಿ.

ಒಂದು ದಿನ ಅಚ್ಚಿನ ಪಕ್ಕ ನಿಂತು ನೋಡಿ. ನೆನೆಸಿದ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ಹಿಡಿಯಬೇಕು, ಒಳಗಿನ ನೀರೆಲ್ಲ ಹಬೆಯಾಗಿ ಹೋಗಬೇಕು. ಸ್ವಲ್ಪ ಬೇಗ ತೆಗೆದರೂ ತಟ್ಟೆ ಆಗ ಚೆಂದವೇ ಕಾಣುತ್ತದೆ. ಬೆಳಗಾಗುವಾಗ ಅಂಚು ಸೊಟ್ಟಗಾಗಿರುತ್ತದೆ. ನಾಲ್ಕು ದಿನ ಕಳೆದರೆ ಕಟ್ಟಿನೊಳಗೆ ಬೂಷ್ಟು. 400 ಮುಟ್ಟಲೇಬೇಕು ಅಂದಾಗ ಕೆಲಸದವರ ಕೈಯಲ್ಲಿ ಉಳಿಸಲಿಕ್ಕೆ ಇರುವುದು ಆ ಕೆಲವು ಸೆಕೆಂಡು ಮಾತ್ರ. ಅವರ ಮೇಲೆ ಸಿಟ್ಟಾಗಬೇಡಿ, ನೀವು ಕೇಳಿದ್ದನ್ನೇ ಕೊಟ್ಟಿದ್ದಾರೆ.

ನಮ್ಮ ಕಡೆ ಅಡಿಕೆ ಸುಲಿಯುವುದಕ್ಕೆ ಕಿಲೋ ಲೆಕ್ಕದಲ್ಲಿ ಕೂಲಿ ಅಲ್ವಾ? ಅವಸರ ಮಾಡಿದರೆ ಅಡಿಕೆಗೇ ಕತ್ತಿ ತಾಗುತ್ತದೆ. ನನ್ನ ಅಜ್ಜಿ ಗಾಯದ ಅಡಿಕೆಯನ್ನು ಬೇರೆ ಬುಟ್ಟಿಗೆ ಹಾಕಿಸಿ, ಎರಡನ್ನೂ ತೂಗಿಸುತ್ತಿದ್ದರು. ಇಂಟೆಲ್ ಕಂಪನಿ ನಡೆಸಿದ ಆಂಡಿ ಗ್ರೋವ್ ಹೇಳಿದ್ದೂ ಇದನ್ನೇ: ಎಷ್ಟಾಯಿತು ಎಂದು ಅಳೆಯುವಾಗ ಹೇಗಾಯಿತು ಎಂಬುದನ್ನೂ ಜೊತೆಗೇ ಅಳೆಯಬೇಕು.

ಹಾಗಾಗಿ ತಟ್ಟೆಯನ್ನು ಸಂಜೆ ಎಣಿಸಬೇಡಿ. ರಾತ್ರಿ ಹಾಗೇ ಬಿಟ್ಟು, ಮರುದಿನ ನೆಟ್ಟಗೆ ಉಳಿದದ್ದನ್ನು ಮಾತ್ರ ಎಣಿಸಿ. ಕರೆಂಟು ಹೋದ ಹೊತ್ತು, ಹರಿದು ಬಂದ ಹಾಳೆ ಅವರ ಲೆಕ್ಕಕ್ಕೆ ಬೀಳಬಾರದು. ಅದು ಅವರ ಕೈಯಲ್ಲಿಲ್ಲ.

ಇನ್ನೊಂದು ಮಾತು. 400 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ನೀವು ಬರೆದಿಲ್ಲ. ಅಚ್ಚಿನ ಮುಂದೆ ಕೂರುವವರನ್ನು ಕೇಳಿದ್ದಿರಾ? ಗುರಿಯನ್ನು ಕೆಲಸ ಮಾಡುವವರ ಜೊತೆ ಕೂತು ಗೊತ್ತು ಮಾಡಬೇಕು ಎಂದು ಮ್ಯಾನೇಜ್‌ಮೆಂಟ್ ಚಿಂತಕ ಪೀಟರ್ ಡ್ರಕರ್ 1954ರಲ್ಲೇ ಹೇಳಿದ್ದರು. ಏಳೇ ಮಂದಿ ಇರುವ ನಿಮಗೆ ಅದು ಒಂದು ಚಹಾದ ಹೊತ್ತಿನ ಕೆಲಸ. ಮಳೆಗಾಲಕ್ಕೆ ಬೇರೆ ಸಂಖ್ಯೆ ಬೇಕಾಗಬಹುದು. ಜೂನ್ ಬಂದರೆ ಒಣ ಹಾಳೆ ಸಿಗುವುದೇ ಕಷ್ಟ. ಅದಕ್ಕೆ ಮೊದಲೇ ಕೂತು ಮಾತಾಡಿ, ಏನಾಯಿತೆಂದು ನಮಗೂ ಬರೆಯಿರಿ.

— ಸಂಪಾದಕ