ತೋಟ ಒಂದೇ, ಕೊಂಡವರು ಇಬ್ಬರು

ಪ್ರಶ್ನೆ: ಸಾರ್, ಹೋದ ವರ್ಷ ಎರಡೆಕರೆ ಕಾಫಿ ತೋಟಕ್ಕೆ ಅಗ್ರಿಮೆಂಟ್ ಮಾಡ್ಕೊಂಡು ಅರ್ಧ ದುಡ್ಡು ಕೊಟ್ಟಿದೀನಿ, ತೋಟಾನೂ ನನ್ನ ಕೈಗೇ ಬಿಟ್ಕೊಟ್ರು, ಈ ಸಲ ಕಾಫಿ ಕುಯ್ಸಿದ್ದೂ ನಾನೇ. ಈಗ ನೋಡಿದ್ರೆ ಓನರ್ ಅದನ್ನೇ ಬೇರೆಯವರಿಗೆ ರಿಜಿಸ್ಟರ್ ಮಾಡ್ಕೊಟ್ಟಿದಾರೆ. ನನ್ನ ಅಗ್ರಿಮೆಂಟ್ ರಿಜಿಸ್ಟರ್ ಆಗಿಲ್ಲ. ತೋಟ ಹೋಯ್ತಾ?
— ಓದುಗರು, ಸೋಮವಾರಪೇಟೆ ತಾಲೂಕು

ಉತ್ತರ: ಹೋಯ್ತು ಅಂತ ಈಗ್ಲೇ ಕೈಚೆಲ್ಲಬೇಡಿ. ಹಾಗಂತ ತೋಟ ನಿಮ್ಮದಾಗಿದೆ ಅಂತಲೂ ಅಲ್ಲ, ಅಗ್ರಿಮೆಂಟ್ ಅಂದ್ರೆ ಮಾರ್ತೀನಿ ಅನ್ನೋ ಮಾತು ಅಷ್ಟೇ, 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ ಅದರಿಂದ ಮಾಲೀಕತ್ವ ಬರಲ್ಲ. ಇಬ್ಬರಿಗೂ ಕ್ರಯಪತ್ರವೇ ಆಗಿದ್ರೆ ಲೆಕ್ಕ ಬೇರೆ: ಮೊದಲು ಬರೆಸಿಕೊಂಡವರದ್ದೇ ಮೇಲುಗೈ, ಅದೂ ರಿಜಿಸ್ಟರ್ ಆದ ತಾರೀಖಲ್ಲ, ಸಹಿ ಬಿದ್ದ ತಾರೀಖು.

ನಿಮ್ಮ ಬಲ ಇರೋದು ಸ್ವಾಧೀನದಲ್ಲಿ. ಒಬ್ಬರು ಕಣ್ಣೆದುರೇ ತೋಟ ಮಾಡ್ತಿರುವಾಗ ಅದನ್ನ ಕೊಂಡವರು 'ನಂಗೊತ್ತೇ ಇರ್ಲಿಲ್ಲ' ಅಂದ್ರೆ ಕೋರ್ಟು ಸುಮ್ಮನೆ ಒಪ್ಪಲ್ಲ, ಸ್ವಾಧೀನದಲ್ಲಿ ಯಾರಿದ್ದಾರೆ, ಯಾವ ಹಕ್ಕಿಂದ ಅಂತ ವಿಚಾರಿಸೋದು ಕೊಳ್ಳೋವ್ರ ಕೆಲಸ. ಗೊತ್ತಿಲ್ಲದೆ, ಪ್ರಾಮಾಣಿಕವಾಗಿ ಪೂರ್ತಿ ದುಡ್ಡು ಕೊಟ್ಟು ತಗೊಂಡವರಿಗೆ ಮಾತ್ರ ರಕ್ಷಣೆ. ಅದಕ್ಕೇ ಕಾಫಿ ಮಾರಿದ ಬಿಲ್ಲು, ಗೊಬ್ಬರದ ರಸೀದಿ, ಕೂಲಿ ಬರೆದಿಟ್ಟ ಪುಸ್ತಕ ಎಲ್ಲ ಒಂದ್ಕಡೆ ಸೇರ್ಸಿ.

ಓನರ್, ಹೊಸ ಖರೀದಿದಾರ ಇಬ್ಬರನ್ನೂ ಪಾರ್ಟಿ ಮಾಡಿ ಸಿವಿಲ್ ಕೋರ್ಟಲ್ಲಿ ಕರಾರು ಜಾರಿ ದಾವೆ (ಅಗ್ರಿಮೆಂಟ್ ಪ್ರಕಾರ ತೋಟ ಬರೆದುಕೊಡಿಸಿ ಅಂತ ಕೇಳೋ ಕೇಸು) ಹಾಕಿ. ಅಗ್ರಿಮೆಂಟಲ್ಲಿ ಹೇಳಿದ ಗಡುವಿನಿಂದ, ಗಡುವು ಇಲ್ದಿದ್ರೆ ಓನರ್ ಆಗಲ್ಲ ಅಂದದ್ದು ಗೊತ್ತಾದಾಗಿನಿಂದ 3 ವರ್ಷದೊಳಗೆ ಹಾಕ್ಬೇಕು. ಬಾಕಿ ದುಡ್ಡು ಕೊಡೋಕೆ ರೆಡಿ ಇದ್ದೀರಿ ಅಂತ ಬ್ಯಾಂಕ್ ದಾಖಲೆ ತೋರ್ಸಿ, ತೋಟ ಸಿಗದಿದ್ರೆ ಅಡ್ವಾನ್ಸ್ ವಾಪಸ್ ಅಂತಲೂ ಅದೇ ದಾವೆಯಲ್ಲಿ ಕೇಳಿ, ಎಷ್ಟೋ ಜನ ಇದನ್ನ ಮರೀತಾರೆ. ರಿಜಿಸ್ಟರ್ ಆಗದ ಅಗ್ರಿಮೆಂಟೂ ಈ ದಾವೆಗೆ ಸಾಕ್ಷಿಯಾಗುತ್ತೆ. ತೊಡಕು ಸ್ಟ್ಯಾಂಪ್‌ದು. ನಮ್ಮ ರಾಜ್ಯದಲ್ಲಿ ಸ್ವಾಧೀನ ಕೊಟ್ಟ ಅಗ್ರಿಮೆಂಟ್‌ಗೆ ಕ್ರಯಪತ್ರದಷ್ಟೇ ಡ್ಯೂಟಿ, ಕಮ್ಮಿ ಕಟ್ಟಿದ್ರೆ ಉಳಿದದ್ದರ ಹತ್ತು ಪಟ್ಟಿನವರೆಗೂ ದಂಡ ಬೀಳಬಹುದು, ದುಡ್ಡು ಹೊಂದಿಸಿಟ್ಕೊಳ್ಳಿ.

ಜೊತೆಗೆ ಪಹಣಿ ತೆಗೆಸಿ. ಜಮ್ಮಾ ಬಾಣೆ (ಕೊಡಗಲ್ಲಿ ಮನೆತನಕ್ಕೆ ತಲೆಮಾರುಗಳಿಂದ ಬಂದ ಜಮೀನು) ಆಗಿದ್ದು, ಕುಟುಂಬದ ಬೇರೆಯವರ ಹೆಸರೂ ಇದ್ದು ಅವರ ಸಹಿ ಇಲ್ಲ ಅಂದ್ರೆ ನಿಮ್ಮ ಅಗ್ರಿಮೆಂಟೂ ಗೋಜಲು, ಹೊಸ ಖರೀದಿದಾರರ ಕ್ರಯಪತ್ರಾನೂ ಗೋಜಲು.

ಪೊಲೀಸ್ ಕಂಪ್ಲೇಂಟ್ ಕೊಡಬಹುದು, ಮೋಸಕ್ಕೆ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಇದೆ, ಆದ್ರೆ ಠಾಣೆಯಿಂದ ತೋಟ ವಾಪಸ್ ಬರಲ್ಲ. ಅಸಲು ಅಗ್ರಿಮೆಂಟ್ ಮಾತ್ರ ಓನರ್ 'ಸೆಟಲ್ ಮಾಡೋಣ, ತನ್ನಿ' ಅಂದ್ರೂ ಕೊಡಬೇಡಿ, ಜೆರಾಕ್ಸ್ ಸಾಕು.